ಫೈಲಿಗೆ ಬೀಗ ಬಿದ್ದಾಗ ಬಾಯಿಗೆ ಬೀಗ ಬೇಡ

(ನಮ್ಮ ಸಂಘದ ಮಾಸಿಕ ಕೂಟದಲ್ಲಿ ಕಂಪ್ಯೂಟರ್ ಸಹಾಯ ತಂಡದ ಪರವಾಗಿ ಆಡಿದ ಮಾತಿನ ಬರಹರೂಪ)

 

ಡ್ಯೂಟಿ ಮುಗಿಸಿ, ಕಂಪನಿ ಬಸ್ಸಿನಲ್ಲಿ ಬಂದು, ಊಟವನ್ನೂ ಮಾಡದೆ ನೀವೆಲ್ಲ ಇಲ್ಲಿ ಕೂತಿದ್ದೀರಿ. ಹಾಗಾಗಿ ಉದ್ದ ಭಾಷಣ ಮಾಡುವುದಿಲ್ಲ. ಕಳೆದ ಕೂಟದಲ್ಲಿ ಕೆಲವರು ಕೇಳಿದ್ದರು: "ಒಟಿಪಿ ಮೋಸದ ಬಗ್ಗೆ ಎಷ್ಟೋ ಸಲ ಹೇಳಿದ್ದೀರಿ. ರೂಮಿನ ಲ್ಯಾಪ್‌ಟಾಪಿಗೆ ಬರುವ ಆ ಬೀಗದ ವೈರಸ್ ಬಗ್ಗೆ ಯಾಕೆ ಹೇಳುವುದಿಲ್ಲ?" ಅಂತ. ಇವತ್ತು ಅದನ್ನೇ ಹೇಳ್ತೇವೆ. ಅದರ ಹೆಸರು ರ್ಯಾನ್ಸಮ್‌ವೇರ್. ಅಂದರೆ ನಮ್ಮ ಫೈಲುಗಳನ್ನು ಒತ್ತೆ ಇಟ್ಟುಕೊಂಡು ದುಡ್ಡು ಕೇಳುವ ವೈರಸ್.

ಮೊದಲು ನಮ್ಮ ನಡುವೆಯೇ ನಡೆದ ಒಂದು ಸಂಗತಿ ಹೇಳ್ತೇವೆ. ಹೆಸರು ಬೇಡ. ಇಬ್ಬರೂ ಒಪ್ಪಿದ ಮೇಲೆಯೇ ಹೇಳ್ತಾ ಇದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಜುಬೈಲಿನ ಒಂದು ಫ್ಲ್ಯಾಟಿನಲ್ಲಿ ಆರು ಜನ. ಅದರಲ್ಲಿ ವಿಟ್ಲ ಕಡೆಯ ಒಬ್ಬರು ಹಿರಿಯರ ಬಳಿ ಒಂದು ಲ್ಯಾಪ್‌ಟಾಪ್ ಇತ್ತು. ಹೆಸರಿಗೆ ಅವರದ್ದು, ಬಳಸುವುದು ಇಡೀ ರೂಮು. ಅದರಲ್ಲಿ ಅವರ ಹದಿನಾಲ್ಕು ವರ್ಷದ ಗಲ್ಫ್ ಬದುಕೇ ಇತ್ತು ಅನ್ನಬಹುದು. ಇಕಾಮಾ, ಪಾಸ್‌ಪೋರ್ಟ್ ಸ್ಕ್ಯಾನ್, ಮಗಳ ಶಾಲೆಯ ಸರ್ಟಿಫಿಕೇಟ್, ಮನೆ ಕಟ್ಟಿಸಿದ ಲೆಕ್ಕ, ತಂಗಿಯ ಮದುವೆ ವಿಡಿಯೋ. ಎಲ್ಲಕ್ಕಿಂತ ಹೆಚ್ಚಾಗಿ, ತೀರಿಹೋದ ಉಮ್ಮನ ಫೋಟೋಗಳು. ಉಮ್ಮ ಹೋದಾಗ ರಜೆ ಸಿಗದೆ ಅವರಿಗೆ ಊರಿಗೆ ಹೋಗ್ಲಿಕ್ಕೆ ಆಗಿರಲಿಲ್ಲ. ಆ ಫೋಟೋಗಳು ಎಂತ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಗುರುವಾರ ರಾತ್ರಿ ಅದೇ ರೂಮಿನ ಒಬ್ಬ ಹುಡುಗ ತನ್ನ ನಿಕಾಹ್‌ನ ಆಲ್ಬಮ್ ಮಾಡ್ಲಿಕ್ಕೆ ಫೋಟೋ ತಿದ್ದುವ ಸಾಫ್ಟ್‌ವೇರ್ ಹುಡುಕಿದ. ದುಡ್ಡು ಕೊಟ್ಟು ತಗೊಳ್ಳುವ ಸಾಫ್ಟ್‌ವೇರ್ ಒಂದು ಕಡೆ "ಫುಲ್ ವರ್ಷನ್, ಕ್ರ್ಯಾಕ್ ಸಹಿತ, ಫ್ರೀ" ಅಂತ ಸಿಕ್ಕಿತು. ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಅಲ್ಲಿ ಬರೆದಿತ್ತು. ಆಫ್ ಮಾಡಿದ. ಸ್ವಲ್ಪ ಹೊತ್ತಿನಲ್ಲಿ ವಿಂಡೋಸ್ ಅಪ್‌ಡೇಟ್ ಆಗುವ ಪರದೆ ಬಂತು. ಇರಲಿ ಅಂತ ಮಲಗಿದ.

ಬೆಳಿಗ್ಗೆ ನೋಡಿದರೆ ಒಂದೂ ಫೋಟೋ ತೆರೆಯುವುದಿಲ್ಲ. ಪ್ರತಿ ಫೈಲಿನ ಹೆಸರಿನ ಕೊನೆಗೆ ನಾಲ್ಕಕ್ಷರದ ಅರ್ಥವಿಲ್ಲದ ಬಾಲ. ಪ್ರತಿ ಫೋಲ್ಡರಿನಲ್ಲಿ ರೀಡ್‌ಮಿ ಎಂಬ ಒಂದು ಟೆಕ್ಸ್ಟ್ ಫೈಲು. ಅದರಲ್ಲಿ 980 ಡಾಲರ್ ಬೇಡಿಕೆ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ರಿಯಾಯಿತಿ, 490 ಡಾಲರ್. ರಿಯಾಲ್ ಲೆಕ್ಕದಲ್ಲಿ 980 ಡಾಲರ್ ಅಂದರೆ 3,675. ನಮ್ಮಲ್ಲಿ ಹೆಚ್ಚಿನವರ ಒಂದು ತಿಂಗಳ ಸಂಬಳ ಅದಕ್ಕಿಂತ ಕಡಿಮೆ.

ಹುಡುಗನಿಗೆ ಭಯ. ಯಾರಿಗೂ ಹೇಳಲಿಲ್ಲ. ಎರಡು ದಿನ ತಾನೇ ಯೂಟ್ಯೂಬ್ ನೋಡಿ ಸರಿ ಮಾಡ್ಲಿಕ್ಕೆ ಹೋದ. ಹಿರಿಯರ ಪೆಟ್ಟಿಗೆಯಲ್ಲಿ ಬ್ಯಾಕಪ್ ಹಾರ್ಡ್ ಡಿಸ್ಕ್ ಇದೆ ಅಂತ ಅವನಿಗೆ ಗೊತ್ತಿತ್ತು. ಅವರು ಡ್ಯೂಟಿಗೆ ಹೋದಾಗ ಅದನ್ನು ತೆಗೆದು, ಅದೇ ಲ್ಯಾಪ್‌ಟಾಪಿಗೆ ಚುಚ್ಚಿದ. ಹಳೇ ಫೋಟೋಗಳನ್ನು ವಾಪಸ್ ಹಾಕಿಬಿಟ್ಟರೆ ಅವರಿಗೆ ಗೊತ್ತೇ ಆಗುವುದಿಲ್ಲ ಅಂತ ಅವನ ಲೆಕ್ಕ. ವೈರಸ್ ಇನ್ನೂ ಒಳಗೇ ಇತ್ತು. ಈ ಜಾತಿಯದ್ದು ಕೆಲವು ನಿಮಿಷಕ್ಕೊಮ್ಮೆ ತಾನಾಗಿಯೇ ಎದ್ದು ಹೊಸ ಫೈಲು ಏನಾದರೂ ಬಂದಿದೆಯಾ ಅಂತ ಹುಡುಕುತ್ತದೆ. ಒಂದು ಗಂಟೆಯೊಳಗೆ ಬ್ಯಾಕಪ್ಪಿಗೂ ಬೀಗ ಬಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ಲ್ಯಾಪ್‌ಟಾಪಿನ ಫೈಲುಗಳು ಹೋದದ್ದು ವೈರಸ್‌ನಿಂದ. ಬ್ಯಾಕಪ್ ಹೋದದ್ದು ಭಯದಿಂದ. ಶುಕ್ರವಾರ ಬೆಳಿಗ್ಗೆಯೇ "ಹೀಗಾಯ್ತು" ಅಂತ ಒಂದು ಮಾತು ಹೇಳಿದ್ದರೆ ಉಮ್ಮನ ಫೋಟೋಗಳೆಲ್ಲ ಇವತ್ತು ಇರುತ್ತಿದ್ದವು. ನಮ್ಮ ಇವತ್ತಿನ ಮಾತಿನ ಸಾರ ಇಷ್ಟೇ. ಉಳಿದದ್ದು ವಿವರ.

ಇನ್ನು ಇದು ಎಂತದು, ಹೇಗೆ ಬರುತ್ತದೆ ಅಂತ ನೋಡುವ.

ಇದು ಹೊಸ ವಿದ್ಯೆ ಅಲ್ಲ. 1989ರಲ್ಲೇ ಏಡ್ಸ್ ರೋಗದ ಮಾಹಿತಿ ಇದೆ ಅಂತ ಹೇಳಿ ಫ್ಲಾಪಿ ಡಿಸ್ಕುಗಳನ್ನು ಅಂಚೆಯಲ್ಲಿ ಕಳಿಸಿದ್ದರು. ಅದನ್ನು ಹಾಕಿದವರ ಕಂಪ್ಯೂಟರ್ ಕೆಲವು ದಿನದ ಮೇಲೆ ಕೈಕೊಟ್ಟು, ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಅಂತ ಕೇಳುತ್ತಿತ್ತು. ಅವತ್ತು ಫ್ಲಾಪಿ, ಇವತ್ತು ಡೌನ್‌ಲೋಡ್. ಅವತ್ತು ಅಂಚೆಪೆಟ್ಟಿಗೆ, ಇವತ್ತು ಬಿಟ್‌ಕಾಯಿನ್. ಗಾಳಕ್ಕೆ ಹಾಕುವ ಎರೆಹುಳ ಮಾತ್ರ ಅದೇ: ಪುಕ್ಕಟೆ ಸಿಗುವ ಒಂದು ವಸ್ತು.

ಫೈಲಿಗೆ ಬೀಗ ಹಾಕುವುದಕ್ಕೆ ಎನ್‌ಕ್ರಿಪ್ಟ್ ಮಾಡುವುದು ಅಂತಾರೆ. ನಮ್ಮ ಬ್ಯಾಂಕ್ ಆ್ಯಪ್, ವಾಟ್ಸಾಪ್ ಕೂಡ ನಮ್ಮ ರಕ್ಷಣೆಗೆ ಇದೇ ವಿದ್ಯೆ ಬಳಸುತ್ತವೆ. ಇಲ್ಲಿ ಬೀಗದ ಕೈ ಕಳ್ಳನ ಹತ್ತಿರ ಇರುತ್ತದೆ, ಅಷ್ಟೇ ವ್ಯತ್ಯಾಸ. ಬೀಗ ಸರಿಯಾಗಿ ಹಾಕಿದ್ದರೆ ಅಂಗಡಿಯವ ಎಷ್ಟೇ ಬುದ್ಧಿವಂತ ಆಗಿದ್ದರೂ ಒಡೆಯಲಿಕ್ಕೆ ಆಗುವುದಿಲ್ಲ. ಆಂಟಿವೈರಸ್ ಹಾಕಿದರೆ ಕಳ್ಳ ಹೋಗ್ತಾನೆ, ಬೀಗ ಹೋಗುವುದಿಲ್ಲ. ಇದನ್ನು ಹಲವರು ತಪ್ಪು ತಿಳಿಯುತ್ತಾರೆ.

ಆ ರೂಮಿಗೆ ಬಂದ ವೈರಸ್ಸಿಗೆ ಸ್ಟಾಪ್ ಅಥವಾ ಡಿಜೆವಿಯು ಅಂತ ಹೆಸರು. ದೊಡ್ಡ ಕಂಪನಿಗಳನ್ನಲ್ಲ, ನಮ್ಮಂಥ ಮನೆ ಬಳಕೆಯವರನ್ನೇ ಹೆಚ್ಚಾಗಿ ಹಿಡಿದದ್ದು ಅದು. ಕ್ರ್ಯಾಕ್ ಸಾಫ್ಟ್‌ವೇರ್, ವಿಂಡೋಸ್ ಮತ್ತು ಆಫೀಸ್ ಪುಕ್ಕಟೆ ಆ್ಯಕ್ಟಿವೇಟ್ ಮಾಡುವ ಟೂಲ್, ಆಟಗಳ ಕಳ್ಳ ಕಾಪಿ, ಇವೇ ಅದರ ದಾರಿ. ಆಂಟಿವೈರಸ್ ಆಫ್ ಮಾಡಿ ಅಂತ ಯಾವ ಫೈಲು ಹೇಳುತ್ತದೋ, ಅದು "ನಾಯಿಯನ್ನು ಕಟ್ಟಿಹಾಕಿ, ನಾವು ಒಳಗೆ ಬರ್ತೇವೆ" ಅಂದ ಹಾಗೆ. ಆ ಮಾತು ಕಂಡ ಕೂಡಲೇ ಅಲ್ಲಿಗೇ ನಿಲ್ಲಿಸಿ.

ಎರಡನೇ ದಾರಿ ಇಮೇಲ್. ಕೆಲಸದ ಆಫರ್ ಲೆಟರ್, ಕೊರಿಯರ್ ರಸೀದಿ, ವೀಸಾ ಪೇಪರ್ ಅಂತ ಬರುವ ಅಟ್ಯಾಚ್‌ಮೆಂಟ್. ವಿಂಡೋಸ್ ಸಾಮಾನ್ಯವಾಗಿ ಫೈಲಿನ ಬಾಲವನ್ನು ಅಡಗಿಸಿ ಇಡುತ್ತದೆ. ಹಾಗಾಗಿ ಪಿಡಿಎಫ್ ಅಂತ ಕಾಣುವುದು ನಿಜವಾಗಿ ಇಎಕ್ಸ್‌ಇ ಆಗಿರಬಹುದು, ಅಂದರೆ ತೆರೆದ ಕೂಡಲೇ ಓಡುವ ಪ್ರೋಗ್ರಾಮ್. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅಂತ ಉಂಟು. ಅದಕ್ಕೆ ಟಿಕ್ ಹಾಕಿದರೆ ಬಾಲ ಕಾಣುತ್ತದೆ. ಅರ್ಧ ನಿಮಿಷದ ಕೆಲಸ.

ಮೂರನೇ ದಾರಿ, ಅಪ್‌ಡೇಟ್ ಮಾಡದ ಹಳೇ ವಿಂಡೋಸ್. 2017ರ ಮೇ 12ರಂದು ವಾನ್ನಾಕ್ರೈ ಎಂಬ ವೈರಸ್ ಹಬ್ಬಿದಾಗ ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹಾರುತ್ತಿತ್ತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯ್ತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ ಕೊಟ್ಟಿತ್ತು. ಹಾಕಿಕೊಂಡವರು ಬಚಾವ್. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅಂತ ಇಲ್ಲೇ ನೆನಪಿಸ್ತೇವೆ. ಊರಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ತಗೊಂಡ ಹಳೇ ಲ್ಯಾಪ್‌ಟಾಪುಗಳನ್ನು ಒಮ್ಮೆ ನೋಡಿಸಿ.

ಈಗ ಗುರುತು ಹಿಡಿಯುವುದು ಹೇಗೆ?

ಎಲ್ಲ ಬೀಗವೂ ಬೀಗ ಅಲ್ಲ. ಕೆಲವೊಮ್ಮೆ ಇಂಟರ್‌ನೆಟ್ ನೋಡುವಾಗ ಇದ್ದಕ್ಕಿದ್ದ ಹಾಗೆ ಪೊಲೀಸ್ ಲಾಂಛನದ ಪರದೆ ಬರುತ್ತದೆ. "ನೀವು ನಿಷೇಧಿತ ಸೈಟ್ ನೋಡಿದ್ದೀರಿ, ಕಂಪ್ಯೂಟರ್ ಬಂದ್ ಮಾಡಲಾಗಿದೆ, ಕಾರ್ಡಿನಲ್ಲಿ ದಂಡ ಕಟ್ಟಿ" ಅಂತ. ಪರದೇಶದಲ್ಲಿ ಇರುವವರಿಗೆ ಪೊಲೀಸ್ ಅಂದ ಕೂಡಲೇ ಎದೆ ಝಲ್ ಅನ್ನುತ್ತದೆ. ಅದು ಬರೀ ಒಂದು ವೆಬ್ ಪುಟ, ಮಾರಾಯ್ರೆ. ಯಾವ ದೇಶದ ಪೊಲೀಸರೂ ಹಾಗೆ ದಂಡ ವಸೂಲಿ ಮಾಡುವುದಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿಗೆ ಹೋಗಿ ಬ್ರೌಸರ್ ಮುಚ್ಚಿ. ಮತ್ತೆ ತೆರೆಯುವಾಗ ಹಳೇ ಪುಟ ರಿಸ್ಟೋರ್ ಮಾಡಬೇಡಿ. ನಿಮ್ಮ ಫೋಟೋಗಳು ಮಾಮೂಲಿಯಾಗಿ ತೆರೆದರೆ ಬೀಗ ಬಿದ್ದಿಲ್ಲ ಅಂತ ಅರ್ಥ.

ನಿಜವಾದ ರ್ಯಾನ್ಸಮ್‌ವೇರಿನ ಲಕ್ಷಣ ಬೇರೆ. ಫೋಟೋ, ವರ್ಡ್, ಪಿಡಿಎಫ್ ಎಲ್ಲವೂ ಒಟ್ಟಿಗೆ ತೆರೆಯದೆ ಹೋಗುತ್ತವೆ. ಹೆಸರಿನ ಹಿಂದೆ ಹೊಸ ಬಾಲ ಸೇರುತ್ತದೆ. ಫೋಲ್ಡರ್ ಫೋಲ್ಡರಿನಲ್ಲೂ ದುಡ್ಡು ಕೇಳುವ ಚೀಟಿ ಇರುತ್ತದೆ. ಅದಕ್ಕೂ ಮೊದಲು ಯಾವ ಕೆಲಸ ಮಾಡದೆಯೂ ಫ್ಯಾನು ಜೋರಾಗಿ ತಿರುಗುವುದು, ಕಂಪ್ಯೂಟರ್ ನಿಧಾನ ಆಗುವುದು, ಆಂಟಿವೈರಸ್ ತಾನಾಗಿ ಆಫ್ ಆಗುವುದು ಕಾಣಬಹುದು.

ಅಂಥದ್ದು ಕಂಡರೆ ಏನು ಮಾಡಬೇಕು?

ಮೊದಲನೆಯದು, ನೆಟ್ ಕತ್ತರಿಸಿ. ವೈಫೈ ಆಫ್, ಕೇಬಲ್ ಇದ್ದರೆ ಎಳೆಯಿರಿ. ರೂಮಿನಲ್ಲಿ ಒಂದೇ ವೈಫೈಯಲ್ಲಿ ಆರು ಜನ ಇರುತ್ತೀರಿ, ನೆನಪಿರಲಿ. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ಕೂಡಲೇ ತೆಗೆಯಿರಿ.

ಎರಡನೆಯದು, ಕಣ್ಣೆದುರೇ ಫೈಲುಗಳ ಹೆಸರು ಬದಲಾಗ್ತಾ ಇದ್ದರೆ ಪವರ್ ಬಟನ್ ಒತ್ತಿ ಹಿಡಿದು ಕಂಪ್ಯೂಟರ್ ಆಫ್ ಮಾಡಿ. ಬೀಗ ಹಾಕುವ ಕೆಲಸ ಇನ್ನೂ ನಡೀತಾ ಇದೆ, ಉಳಿದದ್ದಾದರೂ ಉಳಿಯಲಿ.

ಮೂರನೆಯದು, ಪರದೆ ಮುಂದೆ ಇದ್ದರೆ ಆ ಚೀಟಿಯ ಮತ್ತು ಹೊಸ ಬಾಲದ ಫೋಟೋ ಫೋನಿನಲ್ಲಿ ತೆಗೆದಿಡಿ. ಚೀಟಿಯನ್ನು ಸಿಟ್ಟಿನಿಂದ ಡಿಲೀಟ್ ಮಾಡಬೇಡಿ. ಯಾವ ಜಾತಿಯ ವೈರಸ್ ಅಂತ ಹೇಳುವ ಗುರುತಿನ ಚೀಟಿ ಅದೇ.

ನಾಲ್ಕನೆಯದು, ಬ್ಯಾಕಪ್ ಡಿಸ್ಕನ್ನು ಆ ಕಂಪ್ಯೂಟರಿನ ಹತ್ತಿರಕ್ಕೂ ತರಬೇಡಿ.

ಐದನೆಯದು, ಹೇಳಿ. ಲ್ಯಾಪ್‌ಟಾಪ್ ಯಾರದ್ದೋ ಅವರಿಗೆ, ರೂಮಿನವರಿಗೆ, ನಮಗೆ. ಅದೇ ದಿನ.

ಇಷ್ಟಾದ ಮೇಲೆ ಅವಸರ ಇಲ್ಲ. ಚೀಟಿಯಲ್ಲಿ 72 ಗಂಟೆ ಅಂತ ಬರೆಯುವುದೇ ನಮ್ಮನ್ನು ಯೋಚಿಸಲಿಕ್ಕೆ ಬಿಡಬಾರದು ಅಂತ. ಸಂತೆಯಲ್ಲಿ "ಇದೇ ಕೊನೇ ಪೀಸು" ಅನ್ನುವ ಹಾಗೆ.

ಇನ್ನೊಂದು ಶುದ್ಧ ಕಂಪ್ಯೂಟರಿನಿಂದ ನೋಮೋರ್‌ರ್ಯಾನ್ಸಮ್ ಡಾಟ್ ಒಆರ್‌ಜಿ ಎಂಬ ಜಾಲತಾಣಕ್ಕೆ ಹೋಗಿ. 2016ರ ಜುಲೈಯಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಶುರು ಮಾಡಿದ್ದು ಅದು. ಬೀಗ ಬಿದ್ದ ಎರಡು ಫೈಲು ಮತ್ತು ಆ ಚೀಟಿಯನ್ನು ಅಲ್ಲಿ ಹಾಕಿದರೆ ಯಾವ ವೈರಸ್, ಬೀಗದ ಕೈ ಸಿಕ್ಕಿದೆಯಾ ಇಲ್ಲವಾ ಅಂತ ಹೇಳುತ್ತದೆ. ದುಡ್ಡಿಲ್ಲ. ಹಾಕುವಾಗ ಪಾಸ್‌ಪೋರ್ಟ್, ಇಕಾಮಾ ಹಾಕಬೇಡಿ, ಯಾವುದಾದರೂ ಬೇಡದ ಫೈಲು ಸಾಕು.

ಸ್ಟಾಪ್ ಡಿಜೆವಿಯುಗೆ ಎಮ್ಸಿಸಾಫ್ಟ್ ಎಂಬ ಕಂಪನಿ 2019ರ ಅಕ್ಟೋಬರ್‌ನಲ್ಲಿ ಬಿಡಿಸುವ ಟೂಲ್ ಪುಕ್ಕಟೆ ಕೊಟ್ಟಿತು. ಆಗ ಇದ್ದ ನಮೂನೆಗಳಲ್ಲಿ 148ಕ್ಕೆ ಅದು ಕೆಲಸ ಮಾಡಿತು. ಅದರ ನಂತರದವುಗಳಲ್ಲಿ ಒಂದು ಸೂಕ್ಷ್ಮ ಉಂಟು. ಬೀಗ ಹಾಕುವಾಗ ವೈರಸ್ಸಿಗೆ ಕಳ್ಳರ ಸರ್ವರ್ ಸಿಗದಿದ್ದರೆ ಅದು ತನ್ನಲ್ಲೇ ಇರುವ ಒಂದು ಸಾಮಾನ್ಯ ಕೀ ಬಳಸುತ್ತದೆ. ಇದಕ್ಕೆ ಆಫ್‌ಲೈನ್ ಕೀ ಅಂತಾರೆ. ಒಬ್ಬರಿಗೆ ಆ ಕೀ ಸಿಕ್ಕಿದರೆ ಅದೇ ನಮೂನೆಯ ಎಲ್ಲರಿಗೂ ಆಗುತ್ತದೆ. ಸರ್ವರ್ ಸಿಕ್ಕಿದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೀ. ಚೀಟಿಯ ಕೊನೆಯಲ್ಲಿರುವ ಪರ್ಸನಲ್ ಐಡಿ ಟಿ1 ಅಂತ ಮುಗಿದರೆ ಸಾಮಾನ್ಯವಾಗಿ ಅದು ಆಫ್‌ಲೈನ್ ಕೀ. ಅಲ್ಲಿ ಆಸೆ ಉಂಟು.

ನಮ್ಮ ಆ ಹಿರಿಯರದ್ದು ಹಾಗೆ ಮುಗಿದಿರಲಿಲ್ಲ.

ದುಡ್ಡು ಕೊಡುವುದಾ? ಅವರೂ ಕೇಳಿದರು, "ಸಾಲ ಮಾಡಿಯಾದರೂ ಕೊಡುವನಾ?" ಅಂತ. ನಾವು ಬೇಡ ಅಂದೆವು. ಕೊಟ್ಟರೆ ಕೀ ಕೊಡ್ತಾರೆ ಅನ್ನುವುದಕ್ಕೆ ಯಾವ ಖಾತ್ರಿಯೂ ಇಲ್ಲ. ಕೊಟ್ಟವನು ಇನ್ನೊಮ್ಮೆಯೂ ಕೊಡ್ತಾನೆ ಅಂತ ಅವರಿಗೆ ಗೊತ್ತಾಗುತ್ತದೆ. ಬಿಟ್‌ಕಾಯಿನ್ ಕೊಡಿಸ್ತೇವೆ ಅನ್ನುವ ಮಧ್ಯವರ್ತಿಗಳ ಕೈಗೆ ಬಿದ್ದರೆ ಅದು ಇನ್ನೊಂದು ಗುಂಡಿ. "ನಾವು ಬಿಡಿಸಿಕೊಡ್ತೇವೆ, ಅಡ್ವಾನ್ಸ್ ಕಳಿಸಿ" ಅಂತ ಯೂಟ್ಯೂಬ್ ಕಮೆಂಟಿನಲ್ಲಿ ಬರೆಯುವವರನ್ನೂ ನಂಬಬೇಡಿ. 2020ರಲ್ಲಿ ಇದೇ ಡಿಜೆವಿಯುಗೆ ಮದ್ದು ಅಂತ ಬಂದ ಒಂದು ನಕಲಿ ಟೂಲ್, ಬೀಗ ಬಿದ್ದ ಫೈಲಿಗೇ ಎರಡನೇ ಬೀಗ ಹಾಕಿತ್ತು. ಗಾಯದ ಮೇಲೆ ಬರೆ.

ಹಾಗಾದರೆ ಅವರಿಗೆ ಏನು ಸಿಕ್ಕಿತು? ಸ್ವಲ್ಪ ಸಿಕ್ಕಿತು. ಆ ವೈರಸ್ ಅವಸರದ್ದು, ಪ್ರತಿ ಫೈಲಿನ ಆರಂಭದ ಸುಮಾರು 150 ಕಿಲೋಬೈಟಿಗೆ ಮಾತ್ರ ಬೀಗ ಹಾಕುತ್ತದೆ. ಫೋಟೋದಂಥ ಸಣ್ಣ ಫೈಲಿಗೆ ಅಷ್ಟು ಸಾಕು. ದೊಡ್ಡ ವಿಡಿಯೋದಲ್ಲಿ ಮುಕ್ಕಾಲುವಾಸಿ ಹಾಗೇ ಉಳಿದಿರುತ್ತದೆ. ಅದೇ ಕ್ಯಾಮೆರಾದಲ್ಲಿ ತೆಗೆದ ಇನ್ನೊಂದು ಒಳ್ಳೇ ವಿಡಿಯೋ ಮಾದರಿಗೆ ಇಟ್ಟುಕೊಂಡು ರಿಪೇರಿ ಮಾಡುವ ಟೂಲ್‌ಗಳು ಇವೆ. ತಂಗಿಯ ಮದುವೆ ವಿಡಿಯೋ ಆರಂಭ ಕಳಕೊಂಡು ಉಳಿದದ್ದು ವಾಪಸ್ ಬಂತು. ಅದರಲ್ಲಿ ಉಮ್ಮ ಚಾಪೆ ಮೇಲೆ ಕೂತು ನಗುವುದು ಒಂದು ಕಡೆ ಉಂಟು. ನಂತರ ಊರಿನ ಸಂಬಂಧಿಕರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆವು. ಹಳೇ ಫೋನುಗಳಿಂದ, ಫೇಸ್‌ಬುಕ್ಕಿನಿಂದ, ಮದುವೆ ಫೋಟೋಗ್ರಾಫರ್ ಹತ್ತಿರದಿಂದ ಅಂತ ಉಮ್ಮನ ಮೂವತ್ತಾರು ಫೋಟೋ ಕೂಡಿತು. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ನಮ್ಮ ಫೋಟೋದ ಕಾಪಿ ನಮ್ಮವರ ಹತ್ತಿರ ಇರುತ್ತದೆ, ಕೇಳಬೇಕಷ್ಟೇ.

ಬೀಗ ಬಿದ್ದ ಫೈಲುಗಳನ್ನು ನಾವು ಎಸೆಯಲಿಲ್ಲ. ವೈರಸ್ ತೆಗೆಸಿ, ಆ ಫೈಲುಗಳನ್ನೂ ಚೀಟಿಯನ್ನೂ ಬೇರೆ ಡಿಸ್ಕಿಗೆ ಹಾಕಿ, ತಾರೀಕು ಬರೆದು ಇಟ್ಟಿದ್ದೇವೆ. ಲ್ಯಾಪ್‌ಟಾಪನ್ನು ಪೂರ್ತಿ ಒರೆಸಿ ವಿಂಡೋಸ್ ಹೊಸದಾಗಿ ಹಾಕಿದೆವು. ಕಾಯುವುದು ದಡ್ಡತನ ಅಲ್ಲ. ಟೆಸ್ಲಾಕ್ರಿಪ್ಟ್ ಎಂಬ ವೈರಸ್ಸಿನವರು 2016ರ ಮೇಯಲ್ಲಿ ಅಂಗಡಿ ಮುಚ್ಚುವಾಗ ಮಾಸ್ಟರ್ ಕೀಯನ್ನೇ ಬಿಟ್ಟುಕೊಟ್ಟರು. ಶೇಡ್ ಎಂಬುದರವರು 2020ರ ಏಪ್ರಿಲ್‌ನಲ್ಲಿ ಏಳೂವರೆ ಲಕ್ಷ ಕೀಗಳನ್ನು ಹೊರಗೆ ಹಾಕಿದರು. ನಮ್ಮದರ ಕೀ ಬರುತ್ತದೋ ಇಲ್ಲವೋ. ಆರು ತಿಂಗಳಿಗೊಮ್ಮೆ ನೋಡ್ತಾ ಇದ್ದೇವೆ.

ಇನ್ನೆರಡು ಕೆಲಸ ಮರೆಯಬೇಡಿ. ಈ ವೈರಸ್ ಜೊತೆಗೆ ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಮೂ ಬರುವುದುಂಟು. ಹಾಗಾಗಿ ಬ್ರೌಸರಿನಲ್ಲಿ ಸೇವ್ ಮಾಡಿದ ಇಮೇಲ್, ಎನ್‌ಆರ್‌ಐ ಬ್ಯಾಂಕ್ ಖಾತೆ, ಅಬ್ಶರ್ ಎಲ್ಲದರ ಪಾಸ್‌ವರ್ಡನ್ನು ಬೇರೆ ಫೋನಿನಿಂದ ಬದಲಾಯಿಸಿ. ಬದಲಾಯಿಸುವುದು ಮೊದಲು ಇಮೇಲಿನದ್ದು, ಉಳಿದದ್ದರ ಕೀಲಿ ಅಲ್ಲಿಯೇ ಇರುವುದು. ಎರಡನೆಯದು ದೂರು. ಸೌದಿಯಲ್ಲಿ ಕುಲ್ಲುನಾ ಅಮ್ನ್ ಆ್ಯಪ್, ದುಬೈಯಲ್ಲಿ ದುಬೈ ಪೊಲೀಸರ ಇ-ಕ್ರೈಮ್, ಊರಲ್ಲಿ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ದುಡ್ಡು ಹೋಗಿದ್ದರೆ ಊರಿನಲ್ಲಿ 1930ಕ್ಕೆ ಕೂಡಲೇ ಫೋನ್.

ಇನ್ನು, ಬರದ ಹಾಗೆ ನೋಡಿಕೊಳ್ಳುವುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲ ಇಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ರ್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಒಂದು ಸ್ವಿಚ್ ಉಂಟು, ಸಾಮಾನ್ಯವಾಗಿ ಆಫ್ ಇರುತ್ತದೆ. ಅದನ್ನು ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮ್ ನಮ್ಮ ಫೋಟೋ, ಡಾಕ್ಯುಮೆಂಟ್ ಫೋಲ್ಡರ್ ಮುಟ್ಟಲಿಕ್ಕೆ ಬಿಡುವುದಿಲ್ಲ. ಫೋಟೋ ತಿದ್ದಲಿಕ್ಕೆ ಗಿಂಪ್, ಆಫೀಸ್ ಕೆಲಸಕ್ಕೆ ಲಿಬ್ರೆ ಆಫೀಸ್ ಇವೆ. ಇವು ನ್ಯಾಯವಾಗಿಯೇ ಪುಕ್ಕಟೆ, ಕ್ರ್ಯಾಕ್ ಬೇಕಾಗಿಲ್ಲ.

ಬ್ಯಾಕಪ್ಪಿಗೆ ನಮ್ಮ ಗಲ್ಫ್ ಬದುಕಿಗೆ ಹೊಂದುವ ಒಂದು ಉಪಾಯ ಹೇಳ್ತೇವೆ. ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ. ಒಂದು ಇಲ್ಲಿ ಪೆಟ್ಟಿಗೆಯಲ್ಲಿ. ತಿಂಗಳಿಗೊಮ್ಮೆ ಚುಚ್ಚಿ, ಕಾಪಿ ಮಾಡಿ, ಕೂಡಲೇ ತೆಗೆಯಿರಿ. ಚುಚ್ಚಿಯೇ ಬಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ. ಇನ್ನೊಂದು ಊರಿನ ಮನೆಯ ಕಪಾಟಿನಲ್ಲಿ. ರಜೆಗೆ ಹೋಗುವಾಗ ಇಲ್ಲಿಯದ್ದನ್ನು ಅಲ್ಲಿಗೆ, ಅಲ್ಲಿಯದ್ದನ್ನು ಇಲ್ಲಿಗೆ. ಹೇಗೂ ಸೂಟ್‌ಕೇಸ್ ತೂಕ ಮಾಡುವಾಗ ಟ್ಯಾಂಗ್ ಡಬ್ಬಿಗೆ ಜಾಗ ಮಾಡ್ತೀರಿ, ಇದಕ್ಕೂ ಮಾಡಿ. ಕಾಪಿ ಆದ ಮೇಲೆ ಐದಾರು ಫೋಟೋ ತೆರೆದು ನೋಡಿ, ನಿಜವಾಗಿ ಇದೆಯಾ ಅಂತ. ಗೂಗಲ್ ಡ್ರೈವ್, ಒನ್‌ಡ್ರೈವ್ ಇದ್ದರೆ ಒಳ್ಳೆಯದೇ. ಆದರೆ ಲ್ಯಾಪ್‌ಟಾಪಿನಲ್ಲಿ ಬೀಗ ಬಿದ್ದ ಫೈಲು ಅಲ್ಲಿಗೂ ಹೋಗಿ ಕೂರುತ್ತದೆ. ಹಳೇ ನಮೂನೆಯನ್ನು ವಾಪಸ್ ತರ್ಲಿಕ್ಕೆ ಸಾಮಾನ್ಯವಾಗಿ 30 ದಿನದ ಅವಕಾಶ ಇರುತ್ತದೆ, ತಡ ಮಾಡಬೇಡಿ.

ಕೊನೆಗೆ ಊರಿನ ಮನೆಯ ವಿಷಯ. ಅಲ್ಲಿ ಮಗ ಲ್ಯಾಪ್‌ಟಾಪಿನಲ್ಲಿ ಕೂತಾಗ ಇಲ್ಲಿ ನೀವು ಸೈಟಿನಲ್ಲಿ, ಫೋನ್ ಲಾಕರಿನಲ್ಲಿ. ಹಾಗಾಗಿ ಒಂದು ಚೀಟಿ ಬರೆದು ಆ ಲ್ಯಾಪ್‌ಟಾಪಿನ ಮೇಲೆ ಅಂಟಿಸ್ಲಿಕ್ಕೆ ಹೇಳಿ: "ವೈಫೈ ಆಫ್ ಮಾಡು. ಏನನ್ನೂ ಚುಚ್ಚಬೇಡ, ಏನನ್ನೂ ಅಳಿಸಬೇಡ. ನನಗೆ ಹೇಳು, ನಾನು ಬೈಯುವುದಿಲ್ಲ." ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಬರೆದ ಮೇಲೆ ಅದನ್ನು ಪಾಲಿಸುವುದೂ ನಮ್ಮ ಕೆಲಸ.

ಆ ಹಿರಿಯರು ಹುಡುಗನಿಗೆ ಬೈದರಾ ಅಂತ ನೀವು ಕೇಳಬಹುದು. ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ರಾತ್ರಿ ಆ ಮದುವೆ ವಿಡಿಯೋ ಹಾಕಿ, ಅವನನ್ನೂ ಹತ್ತಿರ ಕೂರಿಸಿಕೊಂಡರಂತೆ. ಇವತ್ತೂ ಇಬ್ಬರೂ ಅದೇ ರೂಮಿನಲ್ಲಿದ್ದಾರೆ. ತಿಂಗಳಿಗೊಮ್ಮೆ ಡಿಸ್ಕಿಗೆ ಕಾಪಿ ಮಾಡುವ ಜವಾಬ್ದಾರಿ ಈಗ ಆ ಹುಡುಗನದ್ದು.

ಇವತ್ತು ರೂಮಿಗೆ ಹೋಗಿ ಒಂದೇ ಕೆಲಸ ಮಾಡಿ. ನಿಮಗೆ ಕಳಕೊಳ್ಳಲಿಕ್ಕೆ ಆಗದ ಹತ್ತು ಫೋಟೋ ಯಾವುದು ಅಂತ ನೋಡಿ, ಅದರ ಇನ್ನೊಂದು ಕಾಪಿ ಎಲ್ಲಿದೆ ಅಂತ ಕೇಳಿಕೊಳ್ಳಿ. ಎಲ್ಲಿಯೂ ಇಲ್ಲದಿದ್ದರೆ ಮುಂದಿನ ಶುಕ್ರವಾರ ಡಿಸ್ಕ್ ತಗೊಂಡು ಇಲ್ಲಿಗೆ ಬನ್ನಿ, ಒಟ್ಟಿಗೆ ಕೂತು ಮಾಡುವ. ಈಗ ಊಟ ತಣ್ಣಗಾಗ್ತಾ ಉಂಟು, ಏಳಿ.